ಅರವತ್ತೊಂದನೆಯದು

ತಾಲ್ಲೂಕು ಆಫೀಸಿನ ಎದುರು, ಬೇವಿನ ಮರಕ್ಕೆ ಒತ್ತಿಕೊಂಡು
ನನ್ನ ಅಂಗಡಿ. ಜೆರಾಕ್ಸ್, ಡಿಟಿಪಿ, ಲ್ಯಾಮಿನೇಷನ್,
ಪಹಣಿ ತೆಗೆದುಕೊಡಲಾಗುವುದು.
ಪ್ರಾಜೆಕ್ಟ್ ರಿಪೋರ್ಟಿಗೆ ಮುನ್ನೂರು ರೂಪಾಯಿ,
ಹನ್ನೊಂದು ಪುಟ; ಸ್ಪೈರಲ್ ಬೈಂಡಿಂಗ್ ಬೇರೆ.

ಹೆಸರು ಬದಲಿಸುತ್ತೇನೆ, ಊರು ಬದಲಿಸುತ್ತೇನೆ,
ಕುರಿ ಇದ್ದ ಕಡೆ ಕೋಳಿ ಬಿಡುತ್ತೇನೆ.
'ಸದರಿ ಉದ್ಯಮಕ್ಕೆ ವಿಪುಲ ಬೇಡಿಕೆ ಇರುತ್ತದೆ' ಎಂಬ ಸಾಲು ಮಾತ್ರ
ಹದಿನಾಲ್ಕು ವರ್ಷದಿಂದ ಕೂತಲ್ಲಿಂದ ಎದ್ದಿಲ್ಲ.
ಒಮ್ಮೆ ಅವಸರದಲ್ಲಿ, ಬಸರಾಳಿನವರೊಬ್ಬರ ಹಿಟ್ಟಿನ ಗಿರಣಿ
ಹೊತ್ತಿಗೆ ಎಂಟು ಲೀಟರ್ ಹಾಲು ಕರೆದಿತ್ತು.
ಬ್ಯಾಂಕಿನಲ್ಲಿ ಯಾರೂ ಕೇಳಲಿಲ್ಲ.
ಸಾಲವೂ ಆಯಿತು.

ಗುತ್ತಲಿನ ಹೊಂಬಾಳಮ್ಮ ಬಂದದ್ದು ಮಂಗಳವಾರ, ಊಟದ ಹೊತ್ತಿಗೆ.
ಕೈಯಲ್ಲಿ ನಾಲ್ಕು ಮಡಿಕೆಯ ಕ್ಯಾಲೆಂಡರ್ ಹಾಳೆ.
"ಬ್ಯಾಂಕ್ನೋರು ಪ್ಲಾನು ತತ್ತಾ ಅಂದ್ರು. ನಾನೇ ಬರ್ದಿವ್ನಿ.
ಇದುನ್ನೇ ವಸಿ ಚೆಂದಾಗಿ ಒತ್ಕೊಡಿ."

ಓದಿದೆ. ನೀಲಿ ಪೆನ್ನು; ಶಾಯಿ ತೀರಿದ ಕಡೆಯಿಂದ ಕೆಂಪು.

ಸ್ಕೂಲ್ ಬ್ಯಾಗಿಗೆ ಜಿಪ್ಪು ಹಾಕ್ತೀನಿ. ಹೊಸ ಬ್ಯಾಗು ಹೊಲಿಯಲ್ಲ.
ಜಾಗ, ಬೇಕರಿ ಭದ್ರಣ್ಣನ ಮೆಟ್ಟಿಲ ಕೆಳಗೆ.
ನಿಂತರೆ ತಲೆ ತಾಗ್ತದೆ, ಕೂತರೆ ಇಲ್ಲ. ಕೆಲಸ ಕೂತೇ ಮಾಡೋದು.

ಇಷ್ಟಕ್ಕೆ ನಗು ಬಂದಿತ್ತು ನನಗೆ. ಆಮೇಲೆ ಬರಲಿಲ್ಲ.

ಎರಡು ಬೆಳಿಗ್ಗೆ ಸ್ಕೂಲ್ ಗೇಟಿನ ಮುಂದೆ ಕೂತು ಎಣಿಸಿದೆ.
ಇನ್ನೂರ ಹತ್ತು ಬ್ಯಾಗು. ಮೂವತ್ತೇಳಕ್ಕೆ ಸೇಫ್ಟಿ ಪಿನ್ನು.
ಆರಕ್ಕೆ ಪಿನ್ನೂ ಇಲ್ಲ, ಮಗು ಕೈಯಲ್ಲಿ ಅವುಚಿಕೊಂಡಿತ್ತು.

ವಿಪುಲ ಬೇಡಿಕೆ ಎಂದರೆ ಏನೆಂದು
ನನಗೆ ಅವತ್ತಿನ ತನಕ ಗೊತ್ತಿರಲಿಲ್ಲ.

ಒಂದು ಜಿಪ್ಪಿಗೆ ಅರವತ್ತು ರೂಪಾಯಿ. ಜಿಪ್ಪು, ದಾರ, ಹದಿನೆಂಟು.
ಉಳಿಯೋದು ನಲವತ್ತೆರಡು. ಬಾಡಿಗೆ ಸಾವಿರದೈನೂರು, ಕರೆಂಟು ಮುನ್ನೂರು,
ನಿಮ್ಮ ಬ್ಯಾಂಕಿನ ಕಂತು ಏಳ್ನೂರು.
ತಿಂಗಳಿಗೆ ಅರವತ್ತು ಜಿಪ್ಪು ಊರಿನೋರದು.
ಅರವತ್ತೊಂದನೇದು ನಂದು.

ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು,
ಸ್ಕೇಲಿಲ್ಲದೆ. ಒಂದು ಸ್ವಲ್ಪ ಬಾಗಿತ್ತು.

ಏಪ್ರಿಲ್ ಮೇ ಸ್ಕೂಲಿಲ್ಲ. ಮದುವೆ ಸೂಟ್‌ಕೇಸು ಬರಬೋದು,
ಬರದೇನೂ ಇರಬೋದು. ಜೂನಿನ ದುಡ್ಡಲ್ಲಿ ಒಂದು ಪಾಲು
ಅದಕ್ಕೆ ಅಂತ ರಾಗಿ ಡಬ್ಬದಲ್ಲಿ ಇಡೋದು. ಮಗಳು ಕೇಳಿದ್ರೂ ಕೊಡಕೂಡದು.
ದೀಪಾವಳಿ ಒಳಗೆ ದಿನಕ್ಕೆ ಎರಡು ಬರಲಿಲ್ಲ ಅಂದ್ರೆ
ಮಷಿನ್ ಮಾರೋದು. ಕಲ್ಲಹಳ್ಳಿ ಟೈಲರ್ ಮರಿಸ್ವಾಮಿ ಎಂಟು ಸಾವಿರಕ್ಕೆ ಒಪ್ಪವ್ನೆ.
ಅಳಕೂಡದು.

ಕೊನೆಯದು ಕೆಂಪು ಶಾಯಿ. ಅಲ್ಲಿಗೆ ಹಾಳೆ ಮುಗಿದಿತ್ತು.

"ಇದನ್ನ ಹನ್ನೊಂದು ಪುಟ ಮಾಡಬೇಕಾಗ್ತದೆ," ಅಂದೆ.
"ಯಾಕ್ ಸ್ವಾಮಿ? ಇಷ್ಟೇ ಅಲ್ವಾ ಇರೋದು?"
ಉತ್ತರ ನನ್ನ ಬಳಿ ಇರಲಿಲ್ಲ.
ಮ್ಯಾನೇಜರಿಗೆ ತೂಕ ಬೇಕು ಎಂದೆ. "ತೂಕಕ್ಕಾದ್ರೆ
ಬೆಲ್ಲ ತಗೊಂಡೋಗ್ತೀನಿ ಬುಡಿ," ಎಂದಳು.

ಒಂದೇ ಪುಟ ಒತ್ತಿದೆ, ಅವಳ ಮಾತಿನಲ್ಲೇ.
'ಅಳಕೂಡದು' ತೆಗೆಯಲೇ ಎಂದದ್ದಕ್ಕೆ ಯೋಚಿಸಿ,
"ಅದು ಬ್ಯಾಂಕಿಗಲ್ಲ, ತೆಗೀರಿ," ಎಂದಳು.
ಹಾಳೆ ಇರಲಿ ಎಂದು ಕೇಳಿದೆ. ಕೊಡಲಿಲ್ಲ.
"ಮುಂದ್ಗಡೆ ಹಾಲಿನ ಲೆಕ್ಕ ಅದೆ, ಇನ್ನೂ ಚುಕ್ತಾ ಆಗಿಲ್ಲ."
ಮುನ್ನೂರು ಹೇಳಲು ನಾಲಿಗೆ ಏಳಲಿಲ್ಲ. ಮೂವತ್ತು ಅಂದೆ.
ಚಿಲ್ಲರೆ ಎಣಿಸಿ, ಬರೆದುಕೊಂಡು ಹೋದಳು.

ಸಂಜೆ ಶಟರ್ ಅರ್ಧ ಎಳೆದು ಕೂತೆ.
ಅಂಗಡಿ ಬಾಡಿಗೆ ನಾಲ್ಕು ಸಾವಿರದಿನ್ನೂರು. ಟೋನರು. ಕರೆಂಟು.
ಹಾಳೆಗೆ ಎರಡು ರೂಪಾಯಿ ತೆಗೆದುಕೊಳ್ಳುತ್ತೇನೆ;
ಉಳಿಯುವುದು ಎಷ್ಟೋ, ಯಾವತ್ತೂ ನೋಡಿಲ್ಲ.
ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳು ಇನ್ನೂ ಬಾಕಿ ಇತ್ತು.
ಹರಿದು, ಮಗುಚಿ, ಪೆನ್ನು ಹಿಡಿದೆ.

ಹೊರಗೆ ಬೇವಿನ ಮರದಡಿ ಯಾರೋ ಗಾಡಿ ನಿಲ್ಲಿಸಿ ಕೂಗಿದರು,
"ಅಣ್ಣಾ, ಒಂದು ಜೆರಾಕ್ಸ್ ಅಷ್ಟೇ!"
ಎಷ್ಟನೆಯದದು, ಯಾರದು,
ಮೊದಲ ಸಲ ತಿಳಿಯಬೇಕೆನಿಸಿತು.